ತಣ್ಣಗಿದ್ದಾಗ ನೋಡು

ಟ್ರಯಲ್ಲಿಗೆ ತರೋ ಮೊದಲೇ ಕೇಳಬೇಕಿತ್ತು ಪಾಲಯ್ಯ.
ಹಳೇ ಗಾಡಿ ನೋಡೋಕೆ ಬೆಳಿಗ್ಗೆ ಹೋಗ್ಬೇಕು,
ಮಾರೋನು ಹಲ್ಲುಜ್ಜೋ ಹೊತ್ತಿಗೆ.
ಬಾನೆಟ್ ಮೇಲೆ ಅಂಗೈ ಇಡು. ಬೆಚ್ಚಗೈತಾ?
ಅವನ ಚಾ ಕುಡಿ, ಬಸ್ಸು ಹತ್ತು.
ಮೊದಲೇ ಎಬ್ಬಿಸಿ, ಕೆಮ್ಮು ಕಳೆದು ಕೂರಿಸಿದ ಇಂಜಿನ್ನು
ಹೆಣ್ಣು ನೋಡೋಕೆ ಹೋದ ದಿನದ ಮನೆ ಇದ್ದಂಗೆ,
ಅವತ್ತು ಎಲ್ಲಾರೂ ಮೆತ್ತಗೇ ಮಾತಾಡ್ತಾರೆ.

ಆಯಿಲ್ ಮುಚ್ಚಳ ತಿರುವು. ಅಡಿಗೆ ಮಜ್ಜಿಗೆ ನೊರೆ ಕಂಡರೆ
ನೀರು ಎಣ್ಣೆ ಒಂದೇ ಕೋಣೇಲಿ ಮಲಗ್ಯಾವೆ ಅಂತ.
ಚಳ್ಳಕೆರೆ ಗಿರಣೀಲಿ ಲೆಕ್ಕ ಬರಿಯೋ ನಿನಗೆ
ಕಲಬೆರಕೆ ವಿಷಯ ನಾನೇನು ಹೇಳ್ಲಿ.

ಹೊಗೆ ಬಿಳಿ ಆದರೆ ಹಿಂಗೆ, ನೀಲಿ ಆದರೆ ಹಂಗೆ,
ಅದನ್ನ ಎಲ್ಲಾರೂ ಹೇಳ್ತಾರೆ.
ನಾನು ಪೆಡಲ್ಲಿನ ರಬ್ಬರ್ ನೋಡೋನು.
ಮೀಟರ್ ನಲವತ್ತು ಸಾವಿರ ಅಂತ ಆಣೆ ಇಟ್ಟರೂ
ಸವೆದ ರಬ್ಬರಿಗೆ ಸುಳ್ಳು ಹೇಳೋ ಬಾಯಿಲ್ಲ.
ರಬ್ಬರೂ ಹೊಸದೇ ಇದ್ದರೆ?
ಆಗ ಜೇಬು ಇನ್ನೊಂಚೂರು ಬಿಗಿಯಾಗಿ ಹಿಡ್ಕೋ.

ಅಯಸ್ಕಾಂತ ಇಟ್ಕೊಂಡು ಹೋಗು, ಹರಕು ಬನಿಯನ್ನಾಗೆ ಸುತ್ತಿ.
ಅದು ಜಾರಿದ ಕಡೆ ತಗಡಿಲ್ಲ, ಬರೀ ಪುಟ್ಟಿ.
ನಮ್ಮ ಕೋಟೆ ಕಟ್ಟಿದೋರು ಗಾರೆ ಇಲ್ಲದೆ
ಕಲ್ಲಿಗೆ ಕಲ್ಲು ಕೂರಿಸಿದರು;
ಹೊಳಲ್ಕೆರೆ ರೋಡಿನ ಬಾಡಿ ಶಾಪಿನೋರು
ಕಲ್ಲೇ ಇಲ್ಲದೆ ಗಾರೇಲೇ ಬಾಗಿಲು ಕಟ್ತಾರೆ.

ಆಮೇಲೆ ಜೋಗಿಮಟ್ಟಿ ಏರು, ಎರಡನೇ ಗೇರು.
ಮಾರೋನು ಪಕ್ಕದಲ್ಲಿ ಕೂತು ಮಾತಿಗೆ ಎಳೀತಾನೆ, ಎಳೀಲಿ.
ನೀನು ಕ್ಲಚ್ಚಿನ ಮಾತು ಕೇಳು.

ಇನ್ನು ನಿನ್ನ ಆಸೆ:
ಇದರ ಇಂಜಿನ್ ಇಳಿಸಿ ಜಪಾನಿಂದು ಹಾಕೋದು, ಐದು ಗೇರಿಂದು.
ಕೂರುತ್ತೆ. ಗ್ಯಾಸು ಕಡ್ಡಿ ಇದ್ದೋನ ಹತ್ರ
ಯಾವುದು ಕೂರಲ್ಲ ಹೇಳು?
ಆದರೆ ಮುಂದೆ ಭಾರ, ಬ್ರೇಕು ಹಳೇದು, ರೇಡಿಯೇಟರ್ ಸಾಲಲ್ಲ,
ಪ್ರೊಪೆಲ್ಲರ್ ಶಾಫ್ಟು ಕೊಯ್ದು ಗಿಡ್ಡ ಮಾಡಿಸಬೇಕು,
ಆರ್‌ಟಿಓ ಆಫೀಸಿನ ಬೆಂಚು ಸವೆಸಬೇಕು.
ಇಂಜಿನ್ನಿಗೆ ಎಷ್ಟೋ ಅಷ್ಟೇ ದುಡ್ಡು ಬೇರೆ ಗಂಟು ಕಟ್ಟು,
ಇಂಜಿನ್ ಅಲ್ಲದ್ದಕ್ಕೆ.
ಅಳತೆ ಮೊದಲು, ಕೊಯ್ಯೋದು ಆಮೇಲೆ.
ಖಲಂದರ್ ಸಾಬ್ರು ಇದನ್ನ ಸ್ಪ್ಯಾನರ್‌ಲೇ ಕಲಿಸಿದರು, ಮಣಿಕಟ್ಟಿಗೆ.

ಯಾಕೆ ಸುಮ್ಮನಾದೆ ಅಂತ ಕೇಳ್ಬ್ಯಾಡ.
ಈಗ ಅಡಿಗೆ ನುಗ್ಗಿದ್ನಲ್ಲ, ಬಲಗಡೆ ಮೌಂಟು ಕಂಡೆ.
ಬೆಸುಗೆ ಮೀನಿನ ಹುರುಪೆಯಂಗೆ ಸಾಲಾಗಿ ಬಂದು
ತುದೀಲಿ ಎಡಕ್ಕೊಂದು ಬಾಲ.
ಆ ಬಾಲಕ್ಕೇ ನಾನು ಏಟು ತಿಂತಿದ್ದುದು.
ಇದರ ಎದೇಲಿರೋ ಡೀಸೆಲ್ಲು
ತೊಂಬತ್ಮೂರರಲ್ಲಿ ನಾನು ಕೂರಿಸಿದ್ದು.

ಆಗ ಹಿರಿಯೂರಿನ ಬಾಡಿಗೆ ಗಾಡಿ.
ಮದುವೆ ದಿಬ್ಬಣ, ಶವ, ಹುಬ್ಬಳ್ಳಿ ಕೋರ್ಟು,
ಭರಮಸಾಗರದ ಹತ್ರ ಹಿಂದಿನ ಸೀಟಲ್ಲೇ ಒಂದು ಹೆರಿಗೆ.
ಮಾರೋ ಕಾಲಕ್ಕೆ ಓನರು ಮುನ್ನೂರು ರೂಪಾಯಿ ಕೊಟ್ಟ.
ಮೀಟರ್ ಬಿಚ್ಚಿ, ಸಣ್ಣ ಸ್ಕ್ರೂಡ್ರೈವರಲ್ಲಿ,
ಎಲ್ಲಾನೂ ಒಂದು ಮಧ್ಯಾಹ್ನಕ್ಕೆ ಹಿಂದಕ್ಕೆ ತಿರುವಿದೆ.
ಹೆರಿಗೆ ಆಗಿರಲೇ ಇಲ್ಲ ಅನ್ನಂಗೆ.

ತಗೊಂಡೋರು ರಾಮಲಿಂಗಪ್ಪ ಮೇಷ್ಟ್ರು.
ಹೆಂಗೈತಪ್ಪ ಅಂತ ನನ್ನನ್ನೇ ಕೇಳಿದರು.
ಕಣ್ಣು ಮುಚ್ಚಿ ತಗೊಳ್ಳಿ ಸಾರ್ ಅಂದೆ.
ಎರಡು ವರ್ಷಕ್ಕೆ ಗಾಡಿ ಶೆಡ್ಡು ಸೇರಿತು,
ಮೇಷ್ಟ್ರು ಗ್ಯಾರೇಜಿನ ಮುಂದೆ ನಡಕೊಂಡೇ ಹೋಗೋರು.
ದಿನಾ ನಮಸ್ಕಾರ ಮಾಡೋರು,
ನನಗಿಂತ ಮೊದಲೇ.

ಬೆಸುಗೆ ಗಟ್ಟಿ ಐತೆ, ಅಷ್ಟು ಹೇಳಬಲ್ಲೆ.
ಮೀಟರ್ ನಂಬಬ್ಯಾಡ.
ತಗೊಳ್ಳೋದು ಬಿಡೋದು ಬೇರೆ ಯಾರನ್ನಾದರೂ ಕೇಳು,
ದಾವಣಗೆರೇಲಿ ಒಳ್ಳೇ ಹುಡುಗರವ್ರೆ.

ಬಾನೆಟ್ ಮುಚ್ಚು. ಮೆಲ್ಲಗೆ.
ಎಡಗಡೆ ಕೀಲು ಹಿಡ್ಕೊಂಡರೆ ಬಿಡಲ್ಲ,
ಅದೂ ನಾನೇ ಹಾಕಿದ್ದು.